ಒಂದು ಹನಿ ಇರುಳು

ಕಯಾನಿಯಲ್ಲಿ ಜೂನ್. ರಾತ್ರಿ ಹನ್ನೊಂದಕ್ಕೂ
ಕಿಟಕಿ ತುಂಬ ನಾಚಿಕೆಯಿಲ್ಲದ ಬಿಸಿಲು.

ಕಸಾಯಿಖಾನೆಯಿಂದ ಪೆಂಟ್ಟಿ ತಂದ ಥರ್ಮಾಸು
ಇನ್ನೂ ಹಸುವಿನ ಮೈಯಷ್ಟೇ ಬೆಚ್ಚಗೆ.
ಯಾವ ಹಸು? ಹಿಲ್ಕಾ ಕೇಳುವುದಿಲ್ಲ.
ಕಿವಿಯ ಬಿಲ್ಲೆ ಅಲ್ಲೇ ಉಳಿಯಿತು.

ಸೂಜಿಗೆ ಸಿಕ್ಕಿದ್ದು ಹದಿನೇಳು ಅಂಡ,
ಒಂದೊಂದರ ಸುತ್ತ ಮಂಜಿನ ಮುಸುಕು.
ಒಡಲೊಳಗೆ ಇಷ್ಟು ಗಾಳಿ ಕಂಡವಲ್ಲ ಇವು;
ಇಲ್ಲಿ ಉಸಿರೇ ಸುಡುತ್ತದೆ,
ಹೆಚ್ಚಿಟ್ಟ ಸೇಬು ಕಂದುವ ಹಾಗೆ.

ಅದಕ್ಕೇ ತಟ್ಟೆಗೆ ಒಂದು ಹನಿ ಮೆಲಟೋನಿನ್,
ಕತ್ತಲಾದಾಗ ತಲೆಯೊಳಗೆ
ತಾನಾಗಿ ಜಿನುಗುವಂಥದು.
‘ಮಾಗಿ’ ಅಂದು ಪೆಟ್ಟಿಗೆಯ ಬಾಗಿಲು ಮುಚ್ಚುತ್ತಾಳೆ.
ಇಪ್ಪತ್ತನಾಲ್ಕು ಗಂಟೆ.

ಮನೆಯಲ್ಲಿ ಕಪ್ಪು ಪರದೆ ಎಳೆದು
ತಾನೂ ಅದನ್ನೇ ಮಾತ್ರೆಯಾಗಿ ನುಂಗಿ
ಮಲಗುತ್ತಾಳೆ. ನಿದ್ದೆ ಬರುವುದಿಲ್ಲ.
ಹದಿನೇಳರಲ್ಲಿ ಎಷ್ಟೋ.