ತೂಗಿದ ಅಂಡಿಗೆ

ರಾಯಚೂರು ಸೆಷನ್ಸ್ ಕೋರ್ಟಿನ ಬಾಗಿಲಲ್ಲಿ
ಇಪ್ಪತ್ತಾರು ವರ್ಷ ಹೆಸರು ಕೂಗಿದವನು ನಾನು, ಬಂದೇನವಾಜ.
ಮೂರು ಸಲ ಕೂಗಬೇಕು, ಅದು ಪದ್ಧತಿ.
ಮೊದಲನೆಯದು ಕಿವಿಗೆ, ಎರಡನೆಯದು ಕಾಲಿಗೆ,
ಮೂರನೆಯದು ಚಾದ ಅಂಗಡಿಯಲ್ಲಿ ಕೂತ ವಕೀಲರಿಗೆ.

"ಸಾಬಣ್ಣ ವಲ್ದ್ ಬೂದೆಪ್ಪಾ!"
ಎರಡು ವರ್ಷ ಕೂಗಿದೆ.
ಹತ್ತಿ ಮಾರುಕಟ್ಟೆಯ ಹಮಾಲ.
ಜೋಡಿ ಹಮಾಲ ಜಂಬಣ್ಣನ ಕುತ್ತಿಗೆಗೆ
ಅಂಡಿಗೆ ಎಳೆಯುವ ಕೊಕ್ಕೆ ಹಾಕಿದನೆಂದು ಕೇಸು.
ಕೊಕ್ಕೆಯೂ ಬಂತು, ಬಟ್ಟೆ ಸುತ್ತಿ, ಅರಗಿನ ಮೊಹರು ಒತ್ತಿ;
ತುದಿಗೆ ಇನ್ನೂ ಒಂದೆಳೆ ಅರಳೆ.
ನೋಡಿದವರು ಐದು ಮಂದಿ.
ಐವರೂ ಕಟಕಟೆಯಲ್ಲಿ ನಿಂತು
ಅವತ್ತು ಧೂಳಿತ್ತು ಸಾಹೇಬರ, ಕಾಣಲಿಲ್ಲ ಎಂದರು.
ಬಿಡುಗಡೆ. ಕಲಬುರಗಿ ಪೀಠವೂ ಹೌದೆಂದಿತು.

ಏಳನೆಯ ವರ್ಷ, ಯಾರದೋ ಕುಬಸದ ಊಟದಲ್ಲಿ,
ಸಾಬಣ್ಣ ಗ್ಲಾಸು ಕೆಳಗಿಟ್ಟು ಅಂದ:
"ಹೂಂ, ನಾನೇ. ಏನೀಗ?"
ಅದನ್ನು ಮೊಬೈಲಿನಲ್ಲಿ ಹಿಡಿದು,
ಮೊಬೈಲನ್ನು ಸೆರಗಿನಲ್ಲಿ ಗಂಟು ಕಟ್ಟಿ,
ಮಾನ್ವಿ ಬಸ್ಸಿನಿಂದ ಇಳಿದಳು ಅಕ್ಕ ದುರುಗಮ್ಮ.
ವಕೀಲರು ಎರಡು ಸಲ ಕೇಳಿದರು. ಕನ್ನಡಕ ತೆಗೆದರು.
"ಒಂದು ಕೊಲೆಗೆ ಒಬ್ಬನನ್ನ ಒಮ್ಮೆಯೇ ನಿಲ್ಲಿಸೋದಮ್ಮ."
ಅವಳೂ ಮಾರುಕಟ್ಟೆಯವಳೇ, ಗುಡಿಸಿ ಹತ್ತಿ ಆಯ್ದವಳು:
"ತೂಗಿದ ಅಂಡಿಗಿಗಿ ಮಸಿ ಹಚ್ಚತಾರಲ್ರಿ, ಹಂಗೇನ್ರಿ?"
"ಹಂಗೇ."
"ತಕ್ಕಡೀನೇ ಸುಳ್ಳಿತ್ತಂದ್ರ?"
ವಕೀಲರು ಫೈಲಿನ ದಾರ ಕಟ್ಟತೊಡಗಿದರು.

ನನಗೂ ಸಿಟ್ಟು ಬಂದಿತ್ತು. ಆದರೆ
ಗೇಟಿನ ಹೊರಗೆ ಪೇರಲ ಮಾರುವ ಶಿವಂಗೆಪ್ಪ ಇದ್ದಾನೆ.
ಹೆಂಡತಿಯನ್ನು ಬಾವಿಗೆ ನೂಕಿದನೆಂದು ನಾಲ್ಕು ವರ್ಷ ಒಳಗಿದ್ದ;
ಅವಳು ಕಾಲು ಜಾರಿದ್ದು ಊರಿಗೇ ಗೊತ್ತು.
ಹೊಸ ಫೌಜದಾರ ಬಂದಾಗಲೆಲ್ಲ
ಹಳೆಯದನ್ನು ಕೆದಕುತ್ತಾನೆ,
ಶಿವಂಗೆಪ್ಪ ಅಂಗಿಯೊಳಗಿಂದ ತೀರ್ಪಿನ ನಕಲು ತೆಗೆಯುತ್ತಾನೆ,
ಪ್ಲಾಸ್ಟಿಕ್ಕಿನಲ್ಲಿ ಹೊಲಿಸಿದ್ದು, ತಾಯಿತದ ಹಾಗೆ.
ಫೌಜದಾರ ಒಂದು ಪೇರಲ ಕಚ್ಚಿಕೊಂಡು ಹೋಗುತ್ತಾನೆ.
ಇವನ ಎದೆಯ ಕಾಗದ, ಅವನ ಮೈಮೇಲಿನ ಮಸಿ,
ಎರಡೂ ಒಂದೇ ದೌತಿಯದು.
ಯಾವುದನ್ನು ಒರೆಸಲಿ?

ಐದೂವರೆಗೆ ಕೋರ್ಟು ಖಾಲಿ.
ದುರುಗಮ್ಮ ಬೆಂಚಿನಿಂದ ಎದ್ದಿರಲಿಲ್ಲ.
"ಅವನ ಹೆಸರು ಎಷ್ಟು ಸಲ ಕೂಗಿದಿ ನೀನು.
ನನ್ನ ತಮ್ಮಂದು ಒಮ್ಮಿನೂ ಕೂಗಲಿಲ್ಲ."
ನಿಜ. ಸತ್ತವರ ಹೆಸರು
ನನ್ನ ಪಟ್ಟಿಗೆ ಬರುವುದಿಲ್ಲ.

ಬಿಲ್ಲೆ ಬಿಚ್ಚಿಟ್ಟಿದ್ದೆ; ಮತ್ತೆ ಹಾಕಿಕೊಂಡೆ.
"ಜಂಬಣ್ಣ ವಲ್ದ್ ಹನುಮಯ್ಯಾ!"
ಪಡಸಾಲೆಯ ಪಾರಿವಾಳಗಳು ಎದ್ದವು.
"ಜಂಬಣ್ಣ ವಲ್ದ್ ಹನುಮಯ್ಯಾ!"
ಗೇಟಿನಲ್ಲಿ ಶಿವಂಗೆಪ್ಪ ತಿರುಗಿ ನೋಡಿದ.
ಮೂರನೆಯದಕ್ಕೆ ಬಾಯಿ ತೆರೆದೆ,
ಅವಳು ಕೈ ಎತ್ತಿದಳು:
"ಸಾಕು. ಆರರ ಬಸ್ಸು ಹೋಗ್ತದ."