ಷರಾ

ಖಲಂದರನ ಪ್ರಗತಿಪತ್ರದ ಷರಾ ಕಾಲಮಿನಲ್ಲಿ
ಕೆಂಪು ಶಾಯಿಯಲ್ಲಿ ಬರೆದಿದ್ದೆ: ‘ಗಮನ ಸಾಲದು.’
ಎರಡೇ ಪದ. ಬರೆಯುವಾಗ ನನ್ನ ತಲೆಯಲ್ಲಿ
ಒಲೆಯ ಮೇಲೆ ಬಿಟ್ಟು ಬಂದ ಹಾಲು ಉಕ್ಕುತ್ತಿತ್ತು.
ಆಮೇಲೆ ನೆನಪಾಯಿತು,
ಆವತ್ತು ಹಾಲು ತಂದೇ ಇರಲಿಲ್ಲ.

ಮೂರು ವಾರವಾದರೂ ಪೋಷಕರ ಸಹಿಯಿಲ್ಲ.
ಕೊನೆಗೆ ನಾನೇ ಹೋದೆ, ಮಂಡಕ್ಕಿ ಭಟ್ಟಿಗಳ ಸಾಲಿಗೆ.
ದಾವಣಗೆರೆಯ ಆ ಮಗ್ಗುಲಲ್ಲಿ
ಬೆಳಿಗ್ಗೆ ಹರವಿದ ಬಿಳಿ ಅಂಗಿ
ಸಂಜೆಗೆ ಬೇರೆ ಯಾರದೋ.

ಜೈತುನ್‌ಬಿ ತಿರುಗಿ ನೋಡಲಿಲ್ಲ. ‘ಕುಂದ್ರಿ ಟೀಚರ್.’
ಕೈ ಬಾಣಲೆಯ ಮರಳು ಕೆದಕುತ್ತಿತ್ತು,
ಕಾಲು ಒಲೆಯ ಬಾಯಿಗೆ ಹೊಟ್ಟು ತಳ್ಳುತ್ತಿತ್ತು,
ಜೋಳಿಗೆಯಲ್ಲಿ ಕೂಸು ಕೆಮ್ಮಿದರೆ ಅವಳ ಭುಜ ನಿಲ್ಲುತ್ತಿತ್ತು,
ನಡುವೆ ಅಳೆಯುವವನೊಂದಿಗೆ ಜಗಳ,
ಅರ್ಧ ಸೇರು ನುಂಗಿದೀ ಅಂತ.
ಇಷ್ಟೆಲ್ಲದರಲ್ಲಿ ಅವಳು ಎಲ್ಲಿದ್ದಳೋ.
ಒಂದು ಕಾಳೂ ಸೀಯಲಿಲ್ಲ.

ಹುಡುಗ ಗೋಣಿಚೀಲಕ್ಕೊರಗಿ ಎತ್ತಲೋ ನೋಡುತ್ತಿದ್ದ,
ತರಗತಿಯಲ್ಲಿ ನೋಡುವ ಹಾಗೇ, ಬಾಯಿ ಅರೆತೆರೆದು.
ರೂಢಿಯಂತೆ ನನಗೆ ಸಿಟ್ಟು ಬಂತು.
‘ಅಮ್ಮೀ, ಹ್ಞೂಂ,’ ಎಂದ.
ಅಷ್ಟಕ್ಕೇ ಅವಳು ಜರಡಿ ಎತ್ತಿದಳು.
ಕಪ್ಪೆಲ್ಲ ಕೆಳಗಿಳಿದು ಬಿಳುಪು ಮೇಲುಳಿಯಿತು.
‘ಸಪ್ಪಳದಾಗ ಗೊತ್ತಾಗ್ತೈತ್ರೀ ಅವಂಗೆ.
ನೋಡಕೋತ ಕುಂತ್ರೆ ಗೊತ್ತಾಗಲ್ಲ.’

ಶಾಲೆಯ ಕಿಟಕಿಯಿಂದ ಈ ಭಟ್ಟಿ ಎರಡು ಓಣಿ.
ಗಾಳಿ ಅತ್ತ ಬೀಸಿದರೆ ಒಂದೂ ಇಲ್ಲ.

ಉಪಸರ್ಗದ ಪಾಠ ಮಾಡುವವಳು ನಾನು.
ಗಮನವೆಂದರೆ ಹೋಗುವುದು ಎಂದು ನಾನೇ ಹೇಳಿದ್ದೆ,
ಆಗಮನಕ್ಕೆ, ನಿರ್ಗಮನಕ್ಕೆ ಅಡಿಗೆರೆ ಎಳೆಸಿ.
ನಿಂತಲ್ಲೇ ನಿಂತದ್ದಕ್ಕೆ ಆ ಹೆಸರಿಲ್ಲ.
ಇನ್ನು ಮರಳು. ಬಾಣಲೆಯಲ್ಲಿ ಸುಡುತ್ತಿದ್ದದ್ದು ಒಂದರ್ಥ;
ಹೋದದ್ದು ತಿರುಗಿ ಬರುವ ಇನ್ನೊಂದನ್ನು
ಯಾವ ವರ್ಷವೂ ಹೇಳಿಕೊಡಲಾಗಲಿಲ್ಲ, ಸಿಲಬಸ್ ಮುಗಿಸುವ ಅವಸರ.

ಹೇಳಲೆಂದು ಬಂದದ್ದೇನೋ ಇತ್ತು. ಮರೆತೆ.
ಕಾರ್ಡು ಚಾಚಿದೆ. ಕಣ್ಣು ಬಾಣಲೆಯಲ್ಲೇ ಇಟ್ಟು
ಅವಳು ಎಡಗೈಯಲ್ಲಿ ಗೀಚಿದಳು,
‘ವರ್ಗ ಶಿಕ್ಷಕರು’ ಎಂದಿದ್ದ ಜಾಗದಲ್ಲಿ.
ನನಗೆ ಉಳಿದದ್ದು ಪೋಷಕರ ಗೆರೆ.
ಅಲ್ಲೇ ಸಹಿ ಹಾಕಿದೆ,
ಅವಳ ಬೆರಳಿನ ಉಪ್ಪುನೀರು ಆರುವ ಮೊದಲು.

ಸೋಮವಾರ ಹೆಡ್‌ಮಾಸ್ಟರರ ಮೊಹರೂ ಬಿತ್ತು.
ಯಾರ ಗಮನಕ್ಕೂ ಬರಲಿಲ್ಲ.