ಬಾಯಿಲ್ಲದವಳು

ಜ್ನೊಯ್ಮೊ ರೈಲು ನಿಲ್ದಾಣಕ್ಕೆ
ಇಪ್ಪತ್ತಾರು ವರ್ಷ ನಾನೇ ಬಾಯಿ.
ವಿಯೆನ್ನಾದ ಗಾಡಿ ಎಂಟು ನಿಮಿಷ ತಡ,
ಮೂರನೇ ಹಳಿಯಿಂದ ದೂರ ನಿಲ್ಲಿ.
ಊರಿಗೆಲ್ಲ ದನಿ ಗೊತ್ತು, ಮುಖ ಗೊತ್ತಿಲ್ಲ.
ಮಾಂಸದಂಗಡಿಯಲ್ಲಿ ಅರ್ಧ ಕಿಲೋ ಕೊಡಿ ಅಂದರೆ
ಸಾಲಿನಲ್ಲಿದ್ದವರು ಗಡಿಯಾರ ನೋಡಿಕೊಳ್ಳುತ್ತಿದ್ದರು.

ಆಮೇಲೆ ಬ್ರನೋದಿಂದ ಒಂದು ಪೆಟ್ಟಿಗೆ ಬಂತು.
ಒಳಗೊಬ್ಬಳು ಹುಡುಗಿ: ಕೆಮ್ಮುವುದಿಲ್ಲ, ತಡವರಿಸುವುದಿಲ್ಲ,
ಚಹಾಕ್ಕೆಂದು ಎದ್ದು ಹೋಗುವುದಿಲ್ಲ.
ನನ್ನನ್ನು ಹೂವು ಕೊಟ್ಟು ಕಳಿಸಿದರು.

ಅದಕ್ಕೇ ಹುಳು ಸಾಕತೊಡಗಿದಳು ಎನ್ನುತ್ತಾಳೆ ತಂಗಿ ದ್ರಾಹೊಮೀರ.
ಸುಳ್ಳು. ಜುಲೈ ತಿಂಗಳು, ಊರಾಚೆ ಹ್ರುಷ್ಕಾನ ಮರಕ್ಕೆ
ಸೈಕಲ್ಲು ಒರಗಿಸಿದ್ದೆ, ಬುಟ್ಟಿಗೆ ದೊಪ್ಪನೆ ಬಿತ್ತು, ಅಷ್ಟೆ.
ಹೆಬ್ಬೆರಳಿಗಿಂತ ದಪ್ಪ, ಎಳೆಗರಿಕೆಯ ಹಸಿರು,
ಮೈತುಂಬ ನೀಲಿ ಗುಬಟು, ಗುಬಟಿಗೆ ನಾಕು ಮುಳ್ಳುಗೂದಲು.
ಹ್ರುಷ್ಕಾ ಅಂದರೆ ನಮ್ಮ ಮಾತಲ್ಲಿ ಮರಸೇಬು.
ಮರಸೇಬಿನ ತೋಟಕ್ಕೆ ಮರಸೇಬಯ್ಯನೇ ಯಜಮಾನ:
ನಗುವುದಿದ್ದರೆ ನಕ್ಕುಬಿಡಿ, ಅವನು ನಗುವುದಿಲ್ಲ.

ಹುಡುಕಿದರೆ ಇನ್ನೂ ಹತ್ತು ಸಿಕ್ಕವು.
ಕತ್ತರಿ, ಕೊಂಬೆ, ಉಪ್ಪಿನಕಾಯಿ ಜಾಡಿಯಲ್ಲಿ ನೀರು,
ಜಾಡಿಯ ಬಾಯಿಗೆ ಹತ್ತಿ, ಇಲ್ಲದಿದ್ದರೆ
ಇಳಿದುಹೋಗಿ ಮುಳುಗುತ್ತವೆ ಮಂಕುಗಳು.
ರಾತ್ರಿ ದೀಪ ಆರಿಸಿದರೆ ಅಡುಗೆಮನೆ ತುಂಬ ಸದ್ದು:
ಕರಕರ ಕರಕರ, ನಡುವೆ ಟಪ್,
ಹಾಸಿದ ಪತ್ರಿಕೆಯ ಮೇಲೆ, ಮಂತ್ರಿಯ ಮೋರೆಯ ಮೇಲೆ,
ಮೆಣಸಿನ ಕಾಳಿಗಿಂತ ದೊಡ್ಡ ಹಿಕ್ಕೆ.
ಹೊಟ್ಟೆಬಾಕತನಕ್ಕೆ ಇಷ್ಟು ಶಿಸ್ತು ಇರುತ್ತದೆಂದು
ನನಗೆ ಗೊತ್ತಿರಲಿಲ್ಲ.

ಆಗಸ್ಟಿನಲ್ಲೊಂದು ದಿನ ಊಟ ಬಿಟ್ಟವು.
ತಲೆ ಅತ್ತ ಇತ್ತ, ಅತ್ತ ಇತ್ತ,
ಎರಡು ರಾತ್ರಿ ನೂತು ನೂತು
ಕಂದು ಗೂಡೊಳಗೆ ತಮ್ಮನ್ನೇ ಮುಚ್ಚಿಟ್ಟುಕೊಂಡವು.
ಗೂಡಿನ ತುದಿಗೆ ಬಿರುಸು ಎಳೆಗಳ ಬಾಗಿಲು:
ಒಳಗಿನವರು ಹೊರಗೆ ಬರಬಹುದು,
ಹೊರಗಿನವರು ಒಳಗೆ ಹೋಗುವಂತಿಲ್ಲ.
ಇಂಥದೊಂದು ನಮ್ಮ ಟಿಕೆಟ್ ಕಚೇರಿಗೆ ಬೇಕಿತ್ತು.

ಮುಂದಿನ ಮೇ ತಿಂಗಳಲ್ಲಿ ಹತ್ತು ಒಡೆದವು, ಹತ್ತೂ ಹಾರಿದವು.
ಹನ್ನೊಂದನೆಯದು ಸುಮ್ಮನೆ.
ಜೂನ್. ಸುಮ್ಮನೆ.
ಸತ್ತಿದೆ, ಎಸೆ, ಎಂದಳು ತಂಗಿ.
ಮೇಲ್ಮನೆಯ ವೆಂದುಲ್ಕಾ, ಒಂಬತ್ತರ ಪೋರಿ,
ಕಿವಿಯ ಹತ್ತಿರ ಅಲ್ಲಾಡಿಸಿ, ಅಂಗೈಯಲ್ಲಿ ತೂಗಿ,
ಸತ್ತದ್ದು ಇಷ್ಟು ಭಾರ ಇರಲ್ಲ ಅಂದಳು.
ಅವಳ ಮಾತಿಗೆ ಕಟ್ಟುಬಿದ್ದು
ಇನ್ನೊಂದು ಚಳಿಗಾಲ ನೆಲಮಾಳಿಗೆಯಲ್ಲಿ ಇಟ್ಟೆ,
ಆಲೂಗಡ್ಡೆಯ ಪಕ್ಕ. ಆಗಾಗ ನೀರು ಚಿಮುಕಿಸುತ್ತ
ವೇಳಾಪಟ್ಟಿಯಲ್ಲಿಲ್ಲದ ಗಾಡಿಗೆ ಕಾದೆ.

ಮೊನ್ನೆ, ಮೇ ಹದಿನಾಲ್ಕು, ಬೆಳಗ್ಗೆ
ಒದ್ದೆ ಚಿಂದಿಯಂಥದೊಂದು ಪರದೆಗೆ ಜೋತುಬಿದ್ದಿತ್ತು.
ಮಧ್ಯಾಹ್ನದ ಹೊತ್ತಿಗೆ ನನ್ನೆರಡು ಅಂಗೈಯಗಲ.
ನಾಲ್ಕು ರೆಕ್ಕೆಗೆ ನಾಲ್ಕು ಕಣ್ಣು, ಮಿಟುಕದ ಕಣ್ಣು.
ಹೆಣ್ಣು. ಬಾಯಿಲ್ಲದವಳು.
ಸಾಧು ಎಂಬರ್ಥದಲ್ಲಲ್ಲ; ನಿಜಕ್ಕೂ ಬಾಯಿಲ್ಲ,
ತಿನ್ನಲಿಕ್ಕೆ, ಕುಡಿಯಲಿಕ್ಕೆ, ಕರೆಯಲಿಕ್ಕೆ.
ಹುಳುವಾಗಿದ್ದಾಗ ಉಂಡದ್ದರಲ್ಲೇ ಒಂದು ವಾರದ ಬಾಳು.

ಬಲೆಯ ಪಂಜರದಲ್ಲಿ ಬಾಲ್ಕನಿಗೆ ಇಟ್ಟೆ.
ಹೊಟ್ಟೆಯ ತುದಿ ಹೊರಚಾಚಿ ಕೂತಳು, ಅಷ್ಟೇ ಮಾಡಿದ್ದು.
ನನ್ನ ಮೂಗಿಗೆ ಏನೂ ತಿಳಿಯಲಿಲ್ಲ.
ಹನ್ನೆರಡೂ ಹತ್ತಕ್ಕೆ ಮೊದಲನೆಯವನು;
ಬಾವಲಿಯೆಂದು ತಲೆ ತಗ್ಗಿಸಿದೆ.
ಹನ್ನೆರಡೂ ಹದಿನೇಳಕ್ಕೆ ಇನ್ನಿಬ್ಬರು.
ನದಿಯಾಚೆಯಿಂದ, ದ್ರಾಕ್ಷಿತೋಟ ದಾಟಿ,
ಒಂದು ಗಂಟೆಗೆ ಒಂಬತ್ತು ಗಂಡು ಬಲೆಗೆ ಮೈ ಬಡಿಯುತ್ತಿದ್ದವು.
ಇಪ್ಪತ್ತಾರು ವರ್ಷ ಕೂಗಿದ್ದೇನೆ ನಾನು;
ಕೇಳಿ ಓಡಿಬಂದವರೆಲ್ಲ ಗಾಡಿಗೆ ಬಂದವರು.
ಒಬ್ಬನಿಗೆ ಜಿಪ್ಪು ತೆರೆದೆ.

ಎರಡು ದಿನ ಬಿಟ್ಟು ಹ್ರುಷ್ಕಾನ ಬಾಗಿಲು ತಟ್ಟಿದೆ.
ಬೆನ್ನ ಮೇಲೆ ಔಷಧಿ ಪಂಪು ಏರಿಸಿಕೊಂಡೇ ಬಂದ.
ಒಂದು ಮರ ಬಿಡಿ, ಅಂದೆ, ಒಂದಕ್ಕೆ ಹೊಡೆಯಬೇಡಿ.
ಮುಖ ನೋಡಿದ, ಗುರುತು ಸಿಗಲಿಲ್ಲ; ಕಣ್ಣು ಮುಚ್ಚಿದ.
ಇನ್ನೊಮ್ಮೆ ಹೇಳಿ.
ಹೇಳಿದೆ.
ನಮ್ಮಮ್ಮ ನಿಮ್ಮ ಕೂಗು ಕೇಳಿ ಮಾತ್ರೆ ನುಂಗುತ್ತಿದ್ದಳು, ಅಂದ.
ತುದಿಯ ಗಿಡ್ಡ ಮರಕ್ಕೆ ಕೆಂಪು ದಾರ ಕಟ್ಟಿದ.
ಇದೊಂದೇ, ಅಂದ. ಸಾಕಲ್ಲ?

ಮೊಟ್ಟೆ ನೂರ ಅರವತ್ತೆಂಟು.
ನಾನು ಬಾಯಿ ಬಿಡಲಿಲ್ಲ.